ಮಗುವಿನ ಸಣ್ಣಪುಟ್ಟ ಸುದ್ದಿಗಳನ್ನು ಬಂಧುಗಳಿಗೆ ಹೇಗೆ ಮುಟ್ಟಿಸುತ್ತೀರಿ?

ಮಗಳಿಗೆ ಮೊದಲ ಹಲ್ಲು ಬಂದ ಫೋಟೊವನ್ನು ಮನೆತನದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ನಾಲ್ಕು ಹೆಬ್ಬೆರಳಿನ ಚಿಹ್ನೆ ಬಂದು ಅಷ್ಟಕ್ಕೇ ಮುಗಿಯಿತು, ಇಂಥ ಸುದ್ದಿಗಳನ್ನು ಎಲ್ಲರಿಗೂ ಹೇಳಲೇಬೇಕೇ ಎಂದು ಕೇಳಿದ್ದೀರಿ. ಹೇಳಲೇಬೇಕು. ಆದರೆ ಮೊದಲು ಒಬ್ಬೊಬ್ಬರಿಗೆ, ಗುಂಪಿಗೆ ಆಮೇಲೆ.

ನಾನು ಬಾಗಲಕೋಟೆಯವಳು. ಹಳೆ ಊರಿನಲ್ಲಿ ನಮ್ಮ ದೊಡ್ಡಪ್ಪ, ಕಾಕಾ ಎಲ್ಲರ ಮನೆಗಳೂ ಒಂದೇ ಓಣಿಯಲ್ಲಿದ್ದವು. ಕೂಸು ಹೊಸ್ತಿಲು ದಾಟಿದ್ದನ್ನು ಯಾರಿಗೂ ತಿಳಿಸಬೇಕಾಗಿರಲಿಲ್ಲ. ಎದುರಿನ ಕಟ್ಟೆಯ ಮೇಲೆ ಕುಳಿತ ದೊಡ್ಡವ್ವ ಅದನ್ನು ತಾಯಿಗಿಂತ ಮೊದಲೇ ನೋಡಿರುತ್ತಿದ್ದರು. ಆಲಮಟ್ಟಿ ಹಿನ್ನೀರಿನ ಮುಳುಗಡೆ ಆ ಓಣಿಯನ್ನು ಚದುರಿಸಿತು. ಮನೆ ಮುಳುಗಿದವರಿಗಾಗಿ ಕಟ್ಟಿದ ನವನಗರದಲ್ಲಿ ಒಬ್ಬರಿಗೆ ಒಂದು ಸೆಕ್ಟರ್, ಇನ್ನೊಬ್ಬರಿಗೆ ಮತ್ತೊಂದು. ಕೆಲವರು ಇಳಕಲ್ಲಿಗೆ, ಕೆಲವರು ವಿಜಯಪುರಕ್ಕೆ ಹೋದರು. ಜಲಾಶಯ 519.60 ಮೀಟರಿಗೆ ತುಂಬಿತೆಂದು ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮ ಹಿರಿಯರು ಆ ಓಣಿಯ ಮನೆಗಳನ್ನು ಸಾಲಾಗಿ ನೆನೆಯುತ್ತಾರೆ. ಆಗ ತಾನಾಗಿ ಕಣ್ಣಿಗೆ ಬೀಳುತ್ತಿದ್ದುದನ್ನು ಈಗ ನಾವೇ ಬಾಯಿಬಿಟ್ಟು ಹೇಳಬೇಕು.

ನನ್ನ ಮಗನಿಗೆ ಹಲ್ಲು ಬಂದದ್ದು ಮೊದಲು ತಿಳಿದದ್ದು ಕಿವಿಗೆ. ಸ್ಟೀಲ್ ಲೋಟದಲ್ಲಿ ನೀರು ಕುಡಿಸುವಾಗ ಅಂಚು ‘ಟಿಣ್’ ಎಂದಿತು. ಇಳಕಲ್ಲಿನಲ್ಲಿರುವ ಸೋದರತ್ತೆಗೆ ಫೋನ್ ಮಾಡಿದೆ. ಕಣ್ಣಿಗೆ ಪೊರೆ ಬಂದಿರುವುದರಿಂದ ಮೊಬೈಲಿನ ಫೋಟೊ ಅವರಿಗೆ ಸರಿಯಾಗಿ ಕಾಣುವುದಿಲ್ಲ. ಫೋನನ್ನು ಲೋಟದ ಹತ್ತಿರ ಹಿಡಿದು ಮತ್ತೊಂದು ಗುಟುಕು ಕುಡಿಸಿದೆ. ಸದ್ದು ಕೇಳಿದ್ದೇ ತಡ, “ಕೆಳಗಿನದೋ, ಮೇಲಿನದೋ?” ಎಂದರು. ಕೆಳಗಿನದು ಎಂದೆ. ಅಲ್ಲಿಂದ ಮಾತು ನಮ್ಮ ಅಪ್ಪನ ಹಾಲುಹಲ್ಲಿಗೆ ಹೋಯಿತು, ಚಿಕ್ಕಂದಿನಲ್ಲಿ ಅವರು ಅಕ್ಕನ ಕೈ ಕಚ್ಚಿ ಅಟ್ಟದ ಮೇಲೆ ಅಡಗಿ ಕುಳಿತ ಕಥೆಗೆ ಹೋಯಿತು. ನಾನು ಅದುವರೆಗೆ ಕೇಳಿರದ ಸಂಗತಿ ಅದು. ಬರೀ ಫೋಟೊ ಹಾಕಿದ್ದರೆ ಎಲ್ಲಿಂದ ಬರುತ್ತಿತ್ತು?

ಆದ್ದರಿಂದ ‘ಹಲ್ಲು ಬಂತು’ ಎಂದಷ್ಟೇ ತಿಳಿಸಿ ಬಿಡಬೇಡಿ. ಹೇಗೆ ಗೊತ್ತಾಯಿತೆಂದು ವಿವರವಾಗಿ ಹೇಳಿ, ಅವರನ್ನೂ ಏನಾದರೂ ಕೇಳಿ. ನಿಮ್ಮ ಮಕ್ಕಳು ಹಲ್ಲು ಬರುವಾಗ ರಚ್ಚೆ ಹಿಡಿದರೆ ಏನು ಮಾಡುತ್ತಿದ್ದಿರಿ? ಜವಳ ಯಾವಾಗ ಇಟ್ಟುಕೊಳ್ಳೋಣ? ಒಂದು ಕೆಲಸವನ್ನೇ ಒಪ್ಪಿಸಿದರೆ ಇನ್ನೂ ಒಳ್ಳೆಯದು. ನನ್ನ ತಂಗಿ ಬಸುರಿಯಾಗಿದ್ದಾಗ ಮಾಡಿದ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಖಣ ಆರಿಸುವುದನ್ನು ಗುಳೇದಗುಡ್ಡದ ಚಿಗವ್ವನಿಗೆ ಬಿಟ್ಟಿದ್ದೆವು. ಅವರು ನೇಕಾರರ ಮನೆಗಳನ್ನು ಸುತ್ತಿ, ಸೀರೆಯ ಅಂಚಿಗೆ ಹೊಂದುವ ಬಣ್ಣ ಸಿಗುವತನಕ ಬಿಡಲಿಲ್ಲ. ಆ ಕೂಸಿನ ಸುದ್ದಿಯನ್ನು ಇಂದಿಗೂ ಅವರೇ ಫೋನ್ ಮಾಡಿ ಕೇಳುತ್ತಾರೆ.

ಎಲ್ಲರಿಗೂ ಒಂದೇ ರೀತಿ ಹೇಳಲಾಗದು ಎಂಬುದೂ ನಿಜ. ಮಕ್ಕಳಿಗಾಗಿ ಹಂಬಲಿಸುತ್ತಿರುವ ತಂಗಿಗೆ ಅಥವಾ ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರಿಗೆ ದಿನಕ್ಕೊಂದು ಫೋಟೊ ಕಳಿಸುವುದು ಕ್ರೌರ್ಯ. ಅವರಿಗೆ ಹೇಳಿ, ಆದರೆ ಅವರ ಯೋಗಕ್ಷೇಮ ವಿಚಾರಿಸಿಕೊಂಡು, ಹದವರಿತು ಹೇಳಿ. ಎಸ್ಸೆಸ್ಸೆಲ್ಸಿ ಅಂಕಗಳನ್ನಂತೂ ನಾನು ಗುಂಪಿಗೆ ಹಾಕುವುದೇ ಇಲ್ಲ. ಅದೇ ಪರೀಕ್ಷೆ ಬರೆದ ಕಾಕಾನ ಮಗ ಅಲ್ಲಿ ಓದುತ್ತಿರುತ್ತಾನೆ. ಮಗುವಿಗೆ ಎರೆಯುವ ಫೋಟೊಗಳನ್ನೂ ಹಾಕಬೇಡಿ, ಅವು ಯಾರ ಯಾರ ಕೈಗೆ ಹೋಗುತ್ತವೋ ಹೇಳಲಾಗದು.

ದೂರದ ನಂಟರಿಗೆ ಗುಂಪೇ ಸಾಕು, ಅವರು ಹೆಬ್ಬೆರಳು ತೋರಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಹತ್ತಿರದವರಲ್ಲಿ ಯಾರಾದರೂ ಒಬ್ಬರಿಗೆ ಈ ಭಾನುವಾರ ಫೋನ್ ಮಾಡಿ. ಎಮ್ಮೆ ಈಯಿತೇ, ಕಬ್ಬು ಕಾರ್ಖಾನೆಗೆ ಹೋಯಿತೇ, ಮೊಣಕಾಲು ನೋವು ಹೇಗಿದೆ ಎಂದು ಮೊದಲು ಅವರ ಮನೆಯ ಸುದ್ದಿ ಕೇಳಿ. ಹಲ್ಲಿನ ವಿಷಯ ಆಮೇಲೆ ತೆಗೆಯಿರಿ.