ಅರ್ಧ ಸಿನಿಮಾ ಆದರೂ ರಾಕ್ಷಸರೇ ಇಲ್ಲ!

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನೀವು ಹೊಗಳಿದ್ದ ‘ದಿ ಡಿಸೆಂಟ್’ ನೋಡಿದೆ. ಆರು ಜನ ಹೆಂಗಸರು ಗುಹೆಗೆ ಇಳಿಯುತ್ತಾರೆ, ತೆವಳುತ್ತಾರೆ, ಮತ್ತೆ ತೆವಳುತ್ತಾರೆ. ಅರ್ಧ ಸಿನಿಮಾ ಹೋದರೂ ಆ ಬಿಳಿಚಿದ ಪ್ರಾಣಿಗಳ ಪತ್ತೆಯಿಲ್ಲ. ಇದೆಂಥ ಹಾರರ್ ಸ್ವಾಮಿ? ಇನ್ನೊಂದು, ಕೊನೆಯಲ್ಲಿ ಸಾರಾ ಹೊರಗೆ ಬಂದಳು ಅಂತ ನಾನು, ಬರಲೇ ಇಲ್ಲ ಅಂತ ನನ್ನ ತಮ್ಮ. ಯಾರದು ಸರಿ?
— ಒಬ್ಬ ಓದುಗ, ದಾವಣಗೆರೆ

ಸಂಪಾದಕರ ಉತ್ತರ: ಇಬ್ಬರದೂ ಸರಿ! ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಸಿನಿಮಾ ನೋಡದವರು ಇಲ್ಲಿಗೇ ಓದು ನಿಲ್ಲಿಸುವುದು ಒಳ್ಳೆಯದು, ಮುಂದೆ ಕಥೆಯೆಲ್ಲ ಬಯಲಾಗುತ್ತದೆ.

ನೀವು ಬೋರು ಎಂದಿರಲ್ಲ, ನಾನು ಹೆದರಿದ್ದು ಆ ಮೊದಲರ್ಧಕ್ಕೇ. ಸಾರಾ ಕಿರಿದಾದ ಬಿಲದಲ್ಲಿ ಸಿಕ್ಕಿಕೊಳ್ಳುವ ದೃಶ್ಯ ನೆನಪಿಸಿಕೊಳ್ಳಿ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗಾಬರಿಯಾದಷ್ಟೂ ಉಸಿರು ಜೋರಾಗುತ್ತದೆ, ಉಸಿರು ಜೋರಾದಷ್ಟೂ ಎದೆ ಉಬ್ಬಿ ಬಂಡೆಗೆ ಒತ್ತುತ್ತದೆ. ಗೆಳತಿ ಬೆತ್ ಅವಳ ಹತ್ತಿರ ತೆವಳಿ ಬಂದು, ಸಮಾಧಾನ ಹೇಳಿ, ಪೋಲಿ ಜೋಕು ಬೇರೆ ಹೊಡೆಯುತ್ತಾಳೆ. ಇಬ್ಬರೂ ಹೊರಬೀಳುವ ಹೊತ್ತಿಗೆ ಆ ಬಿಲವೇ ಕುಸಿದುಬೀಳುತ್ತದೆ. ಇಷ್ಟಾದ ಮೇಲೆ ಇವರನ್ನೆಲ್ಲ ಕರೆತಂದ ಗೆಳತಿ ಜೂನೋ ಬಾಯಿಬಿಡುತ್ತಾಳೆ: ಇದು ನಾವು ಹೇಳಿ ಬಂದ ಗುಹೆಯೇ ಅಲ್ಲ, ಯಾರೂ ಇಳಿಯದ ಹೊಸ ಗುಹೆ. ಅಂದರೆ ಹುಡುಕಲು ಬರುವವರು ಬೇರೆ ಕಡೆ ಹೋಗುತ್ತಾರೆ. ಇದಕ್ಕಿಂತ ದೊಡ್ಡ ರಾಕ್ಷಸ ಬೇಕಾ?

ಕಥೆ ನಡೆಯುವುದು ಅಮೆರಿಕದ ಅಪಲೇಚಿಯನ್ ಬೆಟ್ಟಗಳಲ್ಲಿ. ಗುಹೆ ಮಾತ್ರ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದ ಸೆಟ್. ನಿಜವಾದ ಗುಹೆಯಲ್ಲಿ ಚಿತ್ರೀಕರಣ ಅಪಾಯ, ಸಮಯವೂ ಜಾಸ್ತಿ ಹಿಡಿಯುತ್ತಿತ್ತು. ಆದರೂ ಸೆಟ್ ಅನ್ನಿಸುವುದಿಲ್ಲ, ಅಲ್ವಾ? ಕಾರಣ ಬೆಳಕು. ನಿರ್ದೇಶಕ ನೀಲ್ ಮಾರ್ಷಲ್ ಮತ್ತು ಛಾಯಾಗ್ರಾಹಕ ಸ್ಯಾಮ್ ಮೆಕರ್ಡಿ, ಪಾತ್ರಗಳ ಕೈಯಲ್ಲಿರುವ ಬೆಳಕು ಮಾತ್ರ ಕಾಣುವ ಹಾಗೆ ನೋಡಿಕೊಂಡರು. ಹೆಲ್ಮೆಟ್ ದೀಪ, ಕೆಂಪಗೆ ಉರಿಯುವ ಫ್ಲೇರು, ಹಸಿರಾಗಿ ಹೊಳೆಯುವ ಕಡ್ಡಿ, ಕತ್ತಲಲ್ಲೂ ಕಾಣಿಸುವ ಕ್ಯಾಮ್‌ಕಾರ್ಡರಿನ ಇನ್‌ಫ್ರಾರೆಡ್, ಅಷ್ಟೇ. ಪರದೆಯ ಬಹುಭಾಗ ಕಪ್ಪು. ನೀವು ಹಗಲಲ್ಲಿ ಮೊಬೈಲಿನಲ್ಲಿ ನೋಡಿದ್ದರೆ ಅರ್ಧ ಸಿನಿಮಾ ಕಂಡೇ ಇಲ್ಲ ಅಂತಿಟ್ಟುಕೊಳ್ಳಿ.

ಗುಹೆಯಲ್ಲಿ ಮನುಷ್ಯನನ್ನು ಕೊಲ್ಲಲು ಯಾವ ಪ್ರಾಣಿಯೂ ಬೇಕಿಲ್ಲ. 1925ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯ ಸ್ಯಾಂಡ್ ಕೇವ್‌ನಲ್ಲಿ ಫ್ಲಾಯ್ಡ್ ಕಾಲಿನ್ಸ್ ಎಂಬ ಗುಹೆ ಅನ್ವೇಷಕ ಸಿಕ್ಕಿಬಿದ್ದ. ಅವನ ಕಾಲನ್ನು ಹಿಡಿದಿದ್ದ ಕಲ್ಲಿನ ತೂಕ ಸುಮಾರು 12 ಕಿಲೋ, ಅಷ್ಟೇ! ಹೊರಗಾಗಿದ್ದರೆ ಒದ್ದು ಎದ್ದು ಬರುತ್ತಿದ್ದ. ಅಲ್ಲಿ ಕೈ ಆಡಿಸಲೂ ಜಾಗವಿರಲಿಲ್ಲ. ಸ್ಕೀಟ್ಸ್ ಮಿಲ್ಲರ್ ಎಂಬ ಸಣ್ಣ ಮೈಕಟ್ಟಿನ ವರದಿಗಾರ ತೆವಳಿಕೊಂಡು ಹೋಗಿ ಅವನನ್ನು ಮಾತಾಡಿಸಿ ಬಂದ, ಮರುವರ್ಷ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿಯನ್ನೂ ಪಡೆದ. ಮೇಲೆ ಸಾವಿರಾರು ಜನ ಜಾತ್ರೆ ಸೇರಿದ್ದರು, ತಿಂಡಿ ವ್ಯಾಪಾರವೂ ಜೋರು. ರಕ್ಷಣೆಗೆ ಬಂದವರು ಪಕ್ಕದಲ್ಲಿ ಬಾವಿ ತೋಡಿ ಅವನನ್ನು ಮುಟ್ಟುವಷ್ಟರಲ್ಲಿ ಫೆಬ್ರವರಿ ಅರ್ಧ ಕಳೆದಿತ್ತು, ಜೀವ ಹೋಗಿತ್ತು.

ಹಾಗಂತ ಆ ಕುರುಡು ಪ್ರಾಣಿಗಳು ದಂಡ ಅಂತ ನಾನು ಹೇಳುತ್ತಿಲ್ಲ. ವೇಷ ಹಾಕಿದ ನಟರನ್ನು ಚಿತ್ರೀಕರಣದ ಕ್ಷಣದವರೆಗೂ ನಟಿಯರಿಗೆ ತೋರಿಸಿರಲಿಲ್ಲವಂತೆ. ಮೊದಲ ಕಿರುಚಾಟದಲ್ಲಿ ನಟನೆ ಎಷ್ಟು, ನಿಜವೆಷ್ಟು, ನೀವೇ ಲೆಕ್ಕ ಹಾಕಿ. ಆದರೆ ಅವು ಬಂದ ಮೇಲೆ ನನಗೆ ಭಯ ಕಡಿಮೆಯೇ ಆಯಿತು. ಪ್ರಾಣಿಯಾದರೆ ಹೊಡೆಯಬಹುದು, ಓಡಬಹುದು. ಬಂಡೆಗೆ ಏನು ಮಾಡ್ತೀರಿ?

ಇನ್ನು ನಿಮ್ಮ ಮನೆಯ ಜಗಳ. 2005ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ ಸಾರಾ ತಪ್ಪಿಸಿಕೊಂಡದ್ದು ಬರೀ ಭ್ರಮೆ. ಅವಳಿಗೆ ಗುಹೆಯಲ್ಲೇ ಎಚ್ಚರವಾಗುತ್ತದೆ, ಸತ್ತ ಮಗಳು ಕೇಕಿನ ಮುಂದೆ ಕೂತಿರುತ್ತಾಳೆ. ಮರುವರ್ಷ ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಈ ಕೊನೆಯ ತುಣುಕನ್ನು ಕತ್ತರಿಸಿ, ಅವಳು ಕಾರಿನಲ್ಲಿ ಕೂತಿರುವಲ್ಲಿಗೇ ನಿಲ್ಲಿಸಿದರು. ನೀವು ನೋಡಿದ್ದು ಅಮೆರಿಕದ್ದು, ತಮ್ಮ ನೋಡಿದ್ದು ಬ್ರಿಟನ್ನಿನದು. ನನ್ನ ಓಟು ತಮ್ಮನಿಗೆ. 2009ರ ಎರಡನೇ ಭಾಗ ಮಾತ್ರ ಸಾರಾ ಹೊರಬಂದಳು ಎಂದೇ ಶುರುವಾಗುತ್ತದೆ. ಅದನ್ನು ನೋಡದಿದ್ದರೂ ನಷ್ಟವೇನಿಲ್ಲ.