ಕಥೆಗಾಗಿ ನಕ್ಷತ್ರಗಳ ನಡುವೆ ಓಡಾಡುವ ನೌಕಾಪಡೆ ಕಟ್ಟುತ್ತಿದ್ದೇನೆ. ಅದರ ವ್ಯವಸ್ಥೆ, ಅಧಿಕಾರಿಗಳ ರೂಢಿಗಳು ಹೇಗಿರಬೇಕು?

ಹದಿನೆಂಟು ಹುದ್ದೆಗಳ ಪಟ್ಟಿ ಹಾಕಿದ್ದೀರಿ. ಒಂದೊಂದಕ್ಕೂ ಭುಜದ ಪಟ್ಟಿ ಬಿಡಿಸಿದ್ದೀರಿ. ವಿಭಾಗಕ್ಕೊಂದು ಬಣ್ಣದ ಸಮವಸ್ತ್ರ ಬೇರೆ. ಇಷ್ಟೆಲ್ಲ ಮಾಡಿಯೂ "ಓದಿದರೆ ನೌಕಾಪಡೆ ಅನ್ನಿಸುತ್ತಿಲ್ಲ, ಇನ್ನೂ ಯಾವ ಸಂಪ್ರದಾಯ ಸೇರಿಸಲಿ?" ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸಂಪ್ರದಾಯ ಕಮ್ಮಿ ಆಗಿಲ್ಲ. ನಿಮ್ಮ ಟಿಪ್ಪಣಿಯಲ್ಲಿ ಒಂದು ಮುಖ್ಯ ವಿಷಯವೇ ಇಲ್ಲ. ಗಡಿಯಲ್ಲಿರುವ ಹಡಗಿನಿಂದ ರಾಜಧಾನಿಗೆ ಸುದ್ದಿ ಮುಟ್ಟಲು ಎಷ್ಟು ದಿನ ಬೇಕು?

ಅದನ್ನು ಮೊದಲು ತೀರ್ಮಾನ ಮಾಡಿ. ಯಾರಿಗೆ ಎಷ್ಟು ಅಧಿಕಾರ, ಯಾರಿಗೆ ಯಾರ ಭಯ, ಊಟದ ಮೇಜಿನಲ್ಲಿ ಯಾರು ಎಲ್ಲಿ ಕೂರುತ್ತಾರೆ, ಎಲ್ಲವೂ ಅದರ ಹಿಂದೆಯೇ ಬರುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಮವಸ್ತ್ರ ತೊಟ್ಟವನಲ್ಲ. ಹಳೆಯ ಹಡಗುಗಳ ಇತಿಹಾಸ ಓದುವ ಹುಚ್ಚು ಇದೆ, ನೌಕಾಪಡೆಯಲ್ಲಿ ಪೆಟಿ ಆಫೀಸರ್, ಅಂದರೆ ಹಿರಿಯ ನಾವಿಕ, ಆಗಿದ್ದ ಸೋದರಮಾವ ಇದ್ದಾರೆ. ನನ್ನ ಬಂಡವಾಳ ಅಷ್ಟೇ.

ಒಂದು ನಿಜವಾದ ಘಟನೆ ಹೇಳುತ್ತೇನೆ. 1812ರಲ್ಲಿ ಬ್ರಿಟನ್‌ಗೂ ಅಮೆರಿಕಕ್ಕೂ ಯುದ್ಧ ಶುರುವಾಯಿತು. 1814ರ ಡಿಸೆಂಬರ್ 24ರಂದು ಗೆಂಟ್ ನಗರದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, 1815ರ ಫೆಬ್ರವರಿಯಲ್ಲಿ ಅಮೆರಿಕವೂ ಅದನ್ನು ಅಂಗೀಕರಿಸಿತು. ಆದರೆ ಆ ಜೂನ್ 30ರಂದು, ಜಾವಾ ಮತ್ತು ಸುಮಾತ್ರಾ ನಡುವಿನ ಸುಂದಾ ಜಲಸಂಧಿಯಲ್ಲಿ ಅಮೆರಿಕದ ಪೀಕಾಕ್ ಎಂಬ ಯುದ್ಧನೌಕೆಗೆ ನಾಟಿಲಸ್ ಎಂಬ ಸಣ್ಣ ಹಡಗು ಎದುರಾಯಿತು. ನಾಟಿಲಸ್ ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಮರೀನ್‌ಗೆ ಸೇರಿದ್ದು. ಇವತ್ತಿನ ನಮ್ಮ ನೌಕಾಪಡೆಯ ವಂಶಾವಳಿ ಹಿಡಿದು ಹಿಂದೆ ಹೋದರೆ ಸಿಗುವ ಪಡೆ ಅದು. ನಾಟಿಲಸ್‌ನವರು "ಯುದ್ಧ ಮುಗಿದಿದೆ" ಎಂದರು. ಪೀಕಾಕ್‌ನ ಕ್ಯಾಪ್ಟನ್ ವಾರಿಂಗ್ಟನ್ "ಹಾಗಿದ್ದರೆ ಬಾವುಟ ಇಳಿಸಿ" ಎಂದ. ನಾಟಿಲಸ್‌ನ ಲೆಫ್ಟಿನೆಂಟ್ ಬಾಯ್ಸ್ ಇಳಿಸಲಿಲ್ಲ. ಫಿರಂಗಿ ಹಾರಿತು. ಸ್ವಲ್ಪ ಹೊತ್ತಿನಲ್ಲೇ ನಾಟಿಲಸ್ ಸೋತಿತು. ಜನ ಸತ್ತರು, ಬಾಯ್ಸ್‌ಗೂ ತೀವ್ರ ಗಾಯವಾಯಿತು. ಮಾರನೇ ದಿನ ಶಾಂತಿಯ ಸುದ್ದಿ ನಿಜ ಅಂತ ಖಾತ್ರಿಯಾದ ಮೇಲೆ ವಾರಿಂಗ್ಟನ್ ಹಡಗನ್ನು ವಾಪಸ್ ಕೊಟ್ಟು ಹೊರಟ.

ಒಪ್ಪಂದ ಅಂಗೀಕಾರವಾಗಿ ನಾಲ್ಕು ತಿಂಗಳಾಗಿತ್ತು, ಗಮನಿಸಿ. ಎದುರಾಳಿಯೇ ಬಂದು "ಯುದ್ಧ ಇಲ್ಲ" ಅಂದರೆ ನಂಬಬೇಕೋ ಬೇಡವೋ? ಅದು ಮೋಸವೂ ಆಗಿರಬಹುದು. ಕೇಳೋಣ ಅಂದರೆ ಮೇಲಿನವರು ಅರ್ಧ ಭೂಮಿಯಾಚೆ ಇದ್ದಾರೆ. ಇಂಥ ಹೊತ್ತಿನಲ್ಲಿ ಒಬ್ಬನೇ ನಿಂತು ಹೂಂ ಅಥವಾ ಊಹೂಂ ಅನ್ನಬೇಕಾದವನು ಕ್ಯಾಪ್ಟನ್. ನೆಲದ ಮೇಲಿನ ಕರ್ನಲ್‌ಗೆ ಗುಡ್ಡದಾಚೆ ಒಬ್ಬ ಜನರಲ್ ಇರುತ್ತಾನೆ, ಕುದುರೆ ಓಡಿಸಿ ಕೇಳಿಸಬಹುದು. ಸಮುದ್ರದಲ್ಲಿ ಆ ಅನುಕೂಲ ಇರಲಿಲ್ಲ. ಹಾಗಾಗಿ ಕ್ಯಾಪ್ಟನ್ನೇ ನ್ಯಾಯಾಧೀಶ, ಅವನೇ ರಾಯಭಾರಿ, ಅವನೇ ಖಜಾಂಚಿ.

ಅಷ್ಟು ಅಧಿಕಾರ ಕೊಟ್ಟವರು ಸುಮ್ನೆ ಕೊಡಲಿಲ್ಲ. ಮಿನೋರ್ಕಾ ದ್ವೀಪವನ್ನು ಉಳಿಸಿಕೊಳ್ಳಲು ಕೈಲಾದಷ್ಟು ಪ್ರಯತ್ನ ಮಾಡಲಿಲ್ಲ ಅನ್ನುವ ಆರೋಪದ ಮೇಲೆ ಬ್ರಿಟಿಷರು ತಮ್ಮದೇ ಅಡ್ಮಿರಲ್ ಬಿಂಗ್‌ನನ್ನು 1757ರಲ್ಲಿ ಹಡಗಿನ ಡೆಕ್ ಮೇಲೆ ನಿಲ್ಲಿಸಿ ಗುಂಡಿಟ್ಟು ಕೊಂದರು. ಹಡಗು ಕಳೆದುಕೊಂಡ ಕ್ಯಾಪ್ಟನ್ ತಪ್ಪಿದ್ದರೂ ಇಲ್ಲದಿದ್ದರೂ ಕೋರ್ಟ್ ಮಾರ್ಷಲ್ ಎದುರಿಸುವುದು ಅಲ್ಲಿ ವಾಡಿಕೆಯಾಗಿತ್ತು. ನಿಮ್ಮ ಕಥೆಯ ಕ್ಯಾಪ್ಟನ್ ಮನಸ್ಸಿಗೆ ಬಂದಂತೆ ಯುದ್ಧ ಮಾಡುತ್ತಾನೆ, ವಾಪಸ್ ಬಂದಾಗ ಹಾರ ಹಾಕಿಸಿಕೊಳ್ಳುತ್ತಾನೆ. ಕೇಳುವವರೇ ಇಲ್ಲ. ನೌಕಾಪಡೆ ಅನ್ನಿಸದಿರಲು ಅದೇ ದೊಡ್ಡ ಕಾರಣ.

1870ರಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿ ಮುಂಬೈಯನ್ನು ಲಂಡನ್‌ಗೆ ಜೋಡಿಸಿತು. ಆಮೇಲೆ ಬಂದರು ಮುಟ್ಟಿದ ಪ್ರತಿ ಕ್ಯಾಪ್ಟನ್‌ಗೂ ಒಂದು ತಂತಿ ಕಾದಿರುತ್ತಿತ್ತು, ಹೀಗೆ ಮಾಡು, ಹಾಗೆ ಮಾಡಬೇಡ ಅಂತ. ಅಡ್ಮಿರಲ್ ಹುದ್ದೆಯ ತೂಕ ಹೆಚ್ಚಿತು, ಕ್ಯಾಪ್ಟನ್‌ನದು ಇಳಿಯಿತು.

ಈಗ ನಿಮ್ಮ ನಕ್ಷತ್ರಗಳಿಗೆ ಬನ್ನಿ. 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಮಂಗಳದ ಕಕ್ಷೆ ಸೇರುವಾಗ ರೇಡಿಯೋ ಸಂಕೇತ ಅಲ್ಲಿಂದ ಇಲ್ಲಿಗೆ ಬರಲು ಸುಮಾರು 12 ನಿಮಿಷ ಹಿಡಿಯುತ್ತಿತ್ತು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಡಿಶ್ ಇದೆ ನಿಜ, ಆದರೆ ಎಂಜಿನ್ ಉರಿಯುವಾಗ ಏನಾದರೂ ಕೆಟ್ಟರೆ ಇಲ್ಲಿ ಕೂತವರು ಏನೂ ಮಾಡುವಂತಿರಲಿಲ್ಲ. ಆದೇಶಗಳನ್ನೆಲ್ಲ ಮುಂಚೆಯೇ ನೌಕೆಗೆ ತುಂಬಿಟ್ಟಿದ್ದರು. ಪಕ್ಕದ ಗ್ರಹಕ್ಕೇ ಈ ಪಾಡು. ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ, ಅದು 4.24 ಜ್ಯೋತಿರ್ವರ್ಷ ದೂರದಲ್ಲಿದೆ.

ನೀವು ಬೆಳಕನ್ನು ಮೀರಿಸುವ ಎಂಜಿನ್ ಇಟ್ಟುಕೊಂಡಿದ್ದೀರಿ, ತಕರಾರಿಲ್ಲ. ಆದರೆ ಸುದ್ದಿ ಹೇಗೆ ಹೋಗುತ್ತದೆ? ಹಡಗೇ ಹೊತ್ತುಕೊಂಡು ಹೋಗಬೇಕು ಅಂದರೆ ನಿಮ್ಮದು ಹದಿನೆಂಟನೇ ಶತಮಾನದ ನೌಕಾಪಡೆ. ಅಂಚೆ ಒಯ್ಯುವ ಪುಟ್ಟ ವೇಗದ ಹಡಗು, ಅದರ ಇಪ್ಪತ್ತೈದು ವರ್ಷದ ಲೆಫ್ಟಿನೆಂಟ್, ಇವರೇ ನಿಮ್ಮ ಕಥೆಯ ಪ್ರಾಣ. ಹಡಗಿಗಿಂತ ಸುದ್ದಿ ಬೇಗ ಹೋಗುತ್ತದೆ ಅಂದರೆ ಅದು ತಂತಿಯ ಕಾಲ. ಇನ್ನು ತಕ್ಷಣ ವಿಡಿಯೋ ಕರೆ ಸಿಗುತ್ತದೆ ಅಂದರೆ, ಕ್ಯಾಪ್ಟನ್ ಇದ್ದೂ ಇಲ್ಲದಂತೆ. ತೀರ್ಮಾನವೆಲ್ಲ ರಾಜಧಾನಿಯ ಎಸಿ ಕೋಣೆಯಲ್ಲೇ ಆಗಿಹೋಗುತ್ತದೆ.

ನೀವು ಸ್ಟಾರ್ ಟ್ರೆಕ್ ಮಾದರಿ ಅಂತ ಬರೆದಿದ್ದೀರಿ. 1966ರ ಆ ಮೂಲ ಸರಣಿ ಈ ವಿಷಯದಲ್ಲಿ ಜಾಣತನ ಮಾಡಿದೆ. ಕ್ಯಾಪ್ಟನ್ ಕರ್ಕ್ ಕಷ್ಟದಲ್ಲಿರಬೇಕು ಅಂದಾಗ ಪ್ರಧಾನ ಕಚೇರಿಯ ಉತ್ತರ ಬರುವುದೇ ತಡ. ಅಡ್ಮಿರಲ್ ಬೈಯಬೇಕು ಅಂದಾಗ ಪರದೆಯ ಮೇಲೆ ಹಾಜರ್. ಟೀವಿಯಲ್ಲಿ ನಡೆದುಹೋಗುತ್ತೆ, ಕಾದಂಬರಿಯಲ್ಲಿ ಓದುಗ ಹಿಡಿದುಬಿಡುತ್ತಾನೆ. ಅಪರಿಚಿತ ಗ್ರಹಕ್ಕೆ ಕ್ಯಾಪ್ಟನ್ನೇ ಮೊದಲು ಇಳಿಯುವುದಂತೂ ಯಾವ ನೌಕಾಪಡೆಯೂ ಒಪ್ಪದ ಮಾತು. 1987ರ ಮುಂದಿನ ಸರಣಿಯಲ್ಲಿ ಅದನ್ನು ಸರಿಮಾಡಿದರು. ಇಳಿಯುವ ತಂಡವನ್ನು ಸಾಮಾನ್ಯವಾಗಿ ಫಸ್ಟ್ ಆಫೀಸರ್ ಮುನ್ನಡೆಸುತ್ತಾನೆ, ಕ್ಯಾಪ್ಟನ್ ಹಡಗು ಬಿಡುವುದಿಲ್ಲ.

ಒಂದು ತಮಾಷೆ ಗೊತ್ತಾ? ಅಮೆರಿಕ 2019ರ ಡಿಸೆಂಬರ್‌ನಲ್ಲಿ ನಿಜವಾಗಿಯೂ ಒಂದು ಸ್ಪೇಸ್ ಫೋರ್ಸ್ ಕಟ್ಟಿತು. ಅದಕ್ಕೆ ನೌಕಾಪಡೆಯ ಹುದ್ದೆಗಳೇ ಇರಲಿ ಅಂತ 2020ರಲ್ಲಿ ಅಲ್ಲಿನ ಪ್ರತಿನಿಧಿ ಸಭೆ ತಿದ್ದುಪಡಿಯನ್ನೂ ಪಾಸು ಮಾಡಿತು. ಕರ್ಕ್ ಪಾತ್ರ ಮಾಡಿದ ವಿಲಿಯಂ ಶಾಟ್ನರ್ ಕೂಡ ಲೇಖನ ಬರೆದು ವಾದಿಸಿದರು. ಕೊನೆಗೆ 2021ರಲ್ಲಿ ಬಂದದ್ದು ಕರ್ನಲ್, ಜನರಲ್‌ಗಳೇ. ನನಗೇನೂ ಆಶ್ಚರ್ಯ ಆಗಲಿಲ್ಲ. ಆ ಪಡೆಯವರ ಕೆಲಸ ಹೆಚ್ಚಾಗಿ ನೆಲದ ಮೇಲೆ ಕೂತು ಉಪಗ್ರಹ ನೋಡಿಕೊಳ್ಳುವುದು. ತಿಂಗಳುಗಟ್ಟಲೆ ದೂರ ಹೋಗುವ ಹಡಗೇ ಅವರಲ್ಲಿಲ್ಲ.

ಹದಿನೆಂಟು ಹುದ್ದೆ ಜಾಸ್ತಿ ಆಯಿತು. ನಮ್ಮ ನೌಕಾಪಡೆಯಲ್ಲಿ ಸಬ್ ಲೆಫ್ಟಿನೆಂಟ್‌ನಿಂದ ಅಡ್ಮಿರಲ್‌ವರೆಗೆ ಒಂಬತ್ತೇ ಮೆಟ್ಟಿಲು. ಒಂದು ಹಡಗಿನ ಒಳಗೆ ಓದುಗನಿಗೆ ನಾಲ್ಕೈದು ಕಂಡರೆ ಸಾಕು. ಹುದ್ದೆಯ ಹೆಸರಿಗಿಂತ ಇನ್ನೊಂದು ಸಂಗತಿ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಚಿಕ್ಕ ಹಡಗನ್ನು ಲೆಫ್ಟಿನೆಂಟ್ ಕಮಾಂಡರ್ ಕೂಡ ನಡೆಸಬಹುದು, ಆ ಹಡಗಿನಲ್ಲಿ ಇರುವಷ್ಟು ಹೊತ್ತು ಎಲ್ಲರಿಗೂ ಅವನೇ ಕ್ಯಾಪ್ಟನ್. ದಡಕ್ಕೆ ಬಂದು ಮೀಟಿಂಗ್‌ನಲ್ಲಿ ಕೂತರೆ ಕೊನೆಯ ಕುರ್ಚಿ. ಇದೊಂದರಲ್ಲೇ ಎರಡು ಅಧ್ಯಾಯಕ್ಕಾಗುವಷ್ಟು ಜಗಳ ಇದೆ.

ದಡದ ಕಚೇರಿಯನ್ನೂ ಮರೆಯಬೇಡಿ. ನಮ್ಮಲ್ಲಿ ಮುಂಬೈ, ವಿಶಾಖಪಟ್ಟಣ, ಕೊಚ್ಚಿಯಲ್ಲಿ ಮೂರು ಕಮಾಂಡ್‌ಗಳಿವೆ. ಪ್ರತಿಯೊಂದಕ್ಕೂ ಒಬ್ಬ ವೈಸ್ ಅಡ್ಮಿರಲ್. ಆದರೆ ಪಶ್ಚಿಮ, ಪೂರ್ವದ ನೌಕಾಬಳಗಗಳನ್ನು ಕರೆದುಕೊಂಡು ಸಮುದ್ರಕ್ಕೆ ಹೋಗುವವನು ಅವರ ಕೈಕೆಳಗಿನ ರಿಯರ್ ಅಡ್ಮಿರಲ್. ರಿಪೇರಿ, ಇಂಧನ, ಬಿಡಿಭಾಗ ಎಲ್ಲ ದಡದವರ ಕೈಯಲ್ಲಿ. ಹೋರಾಡುವವನು ಒಬ್ಬ, ಕೀಲಿಕೈ ಇನ್ನೊಬ್ಬನ ಹತ್ತಿರ. ನಿಮ್ಮ ಕಥೆಯ ಒಕ್ಕೂಟಕ್ಕೂ ಇಂಥ ಒಂದು ಹಡಗುಕಟ್ಟೆ, ಒಬ್ಬ ಮೊಂಡು ಉಗ್ರಾಣದ ಅಧಿಕಾರಿ ಬೇಕೇ ಬೇಕು.

ಬಡ್ತಿ ಹೇಗೆ ಸಿಗುತ್ತದೆ ಅಂತ ಎಲ್ಲೂ ಬರೆದಿಲ್ಲ. ಬ್ರಿಟಿಷ್ ಸೇನೆಯಲ್ಲಿ 1871ರವರೆಗೂ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳಬಹುದಿತ್ತು, ನೌಕಾಪಡೆಯಲ್ಲಿ ಆಗುತ್ತಿರಲಿಲ್ಲ. 1677ರಲ್ಲೇ ನೌಕಾಪಡೆಯ ಆಡಳಿತ ನೋಡಿಕೊಳ್ಳುತ್ತಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಲೆಫ್ಟಿನೆಂಟ್ ಆಗುವವರಿಗೆ ಪರೀಕ್ಷೆ ತಂದಿದ್ದ. ದುಡ್ಡಿದೆ ಅಂತ ಹಗ್ಗ ಕಟ್ಟಲು ಬಾರದವನ ಕೈಗೆ ಹಡಗು ಕೊಟ್ಟರೆ ಎಲ್ಲರೂ ಮುಳುಗುತ್ತಾರಲ್ಲ! ಆದರೆ ಒಮ್ಮೆ ಪೂರ್ಣ ಕ್ಯಾಪ್ಟನ್ ಆದಮೇಲೆ ಮುಂದಿನದೆಲ್ಲ ಹಿರಿತನದ ಪಟ್ಟಿ. ಮೇಲಿನವರು ಸತ್ತರೆ ಅಥವಾ ಜಾಗ ಖಾಲಿ ಮಾಡಿದರೆ ಮಾತ್ರ ನೀವು ಮೇಲೆ. ಬ್ರಿಟಿಷ್ ನೌಕಾಪಡೆಯ ಊಟದ ಮೇಜಿನಲ್ಲಿ ವಾರದ ಏಳು ದಿನಕ್ಕೂ ಒಂದೊಂದು ಹಾರೈಕೆ ಇದೆ, ಗ್ಲಾಸ್ ಎತ್ತಿ ಹೇಳುವುದು. ಗುರುವಾರದ್ದು ಏನು ಗೊತ್ತಾ? ರಕ್ತಪಾತದ ಯುದ್ಧವೋ ರೋಗರುಜಿನದ ಕಾಲವೋ ಬರಲಿ ಅಂತ! ಪಕ್ಕದಲ್ಲೇ ಕೂತು ಊಟ ಮಾಡುತ್ತಿರುವ ಹಿರಿಯನ ಮುಂದೆಯೇ. ಶನಿವಾರದ ಹಾರೈಕೆ ಪ್ರೇಯಸಿಯರಿಗೂ ಹೆಂಡತಿಯರಿಗೂ ಇತ್ತು. ಹೆಂಗಸರೂ ಹಡಗಿನಲ್ಲಿ ಅಧಿಕಾರಿಗಳಾದ ಮೇಲೆ 2013ರಲ್ಲಿ ಅದನ್ನು ಕುಟುಂಬಗಳಿಗೆ ಅಂತ ಬದಲಿಸಿದರು.

ನಿಮಗೆ ಬೇಕಾದ ಸಂಪ್ರದಾಯ ಇಂಥದ್ದು. ಯಾವುದೋ ಕೆಲಸದಿಂದ, ಹೊಟ್ಟೆಕಿಚ್ಚಿನಿಂದ, ಇಕ್ಕಟ್ಟಿನಿಂದ ಹುಟ್ಟಿರಬೇಕು. ಬಿರುಗಾಳಿಯಲ್ಲಿ ಕೂಗಿದರೆ ಕೇಳಿಸುವುದಿಲ್ಲ, ಅದಕ್ಕೇ ಸೀಟಿ ಬಂತು. ಈಗ ದೊಡ್ಡವರು ಹಡಗು ಹತ್ತುವಾಗ ಅದೇ ಸೀಟಿಯ ಮರ್ಯಾದೆ. ಕಾವಲಿನ ಪಾಳಿ ನಾಲ್ಕು ಗಂಟೆಯದು, ಆದರೆ ಸಂಜೆ 4ರಿಂದ 8ರವರೆಗಿನದನ್ನು ಎರಡು ತುಂಡು ಮಾಡಿದ್ದಾರೆ. ಯಾಕೆ? ದಿನಕ್ಕೆ ಆರು ಪಾಳಿ ಆದರೆ ಎರಡು ತಂಡದಲ್ಲಿ ಒಂದಕ್ಕೆ ದಿನವೂ ನಡುರಾತ್ರಿಯ ಪಾಳಿಯೇ ಗತಿ. ಏಳಾದರೆ ತಾನಾಗೇ ಸರದಿ ಬದಲಾಗುತ್ತದೆ. ಎಷ್ಟು ಚೆಂದದ ಲೆಕ್ಕ ಅಲ್ವಾ? ಅಮೆರಿಕದ ಜಲಾಂತರ್ಗಾಮಿಗಳಲ್ಲಿ ದಶಕಗಳ ಕಾಲ ದಿನಕ್ಕೆ 18 ಗಂಟೆ ಇತ್ತು, ಆರು ಗಂಟೆ ಕಾವಲು, ಹನ್ನೆರಡು ಗಂಟೆ ಬೇರೆ ಕೆಲಸ ಮತ್ತು ನಿದ್ದೆ. ಸೂರ್ಯನೇ ಕಾಣದ ಕಡೆ ದಿನ ಎಷ್ಟುದ್ದ ಅನ್ನುವುದನ್ನೂ ಪಡೆಯೇ ಹೇಳುತ್ತದೆ.

ನಾನಾಗಿದ್ದರೆ ಹೀಗೊಂದು ಹಾಕುತ್ತಿದ್ದೆ. ಪಾಳಿ ಬದಲಾಗುವಾಗ ಬಂದವನು ಒಮ್ಮೆ ಉಸಿರೆಳೆದು "ಗಾಳಿ ಸರಿ ಇದೆ" ಅನ್ನಬೇಕು, ಆಮೇಲೆಯೇ ಹಳಬ ಕುರ್ಚಿ ಬಿಡಬೇಕು. ಯಾವ ಕಾಲದಲ್ಲೋ ಮಾಪಕ ಸರಿ ತೋರಿಸುತ್ತಿದ್ದರೂ ಗಾಳಿ ಕೆಟ್ಟು, ಕಾವಲಿನಲ್ಲಿದ್ದವರು ಕೂತಲ್ಲೇ ಸತ್ತಿದ್ದರು. ಈಗ ಮಾಪಕಗಳು ಕೆಡುವುದೇ ಇಲ್ಲ, ಹುಡುಗರು ಮಾತನ್ನು ಗೊಣಗಿ ಮುಗಿಸುತ್ತಾರೆ. ಒಬ್ಬ ಮುದಿ ಚೀಫ್ (ನಾವಿಕರಲ್ಲೇ ಹಿರಿಯ) ಮಾತ್ರ ಸರಿಯಾಗಿ ಹೇಳುವವರೆಗೂ ಬಾಗಿಲಲ್ಲಿ ನಿಂತಿರುತ್ತಾನೆ.

ಆ ಚೀಫ್ ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ! ಹದಿನೆಂಟೂ ಅಧಿಕಾರಿಗಳೇ. ನಾವಿಕರೆಲ್ಲಿ? ಸ್ಟಾರ್ ಟ್ರೆಕ್‌ನಲ್ಲೂ ಇದೇ ಕತೆ, ಮುಖ್ಯ ಪಾತ್ರಗಳೆಲ್ಲ ಬಹುಪಾಲು ಅಧಿಕಾರಿಗಳು. ಚೀಫ್ ಆಗಿದ್ದ ಮೈಲ್ಸ್ ಓಬ್ರಿಯನ್ ಅದಕ್ಕೇ ಜನಕ್ಕೆ ಇಷ್ಟವಾದ ಅನ್ನುವುದು ನನ್ನ ಅನುಮಾನ. ನಮ್ಮ ಮಾವ ಹೇಳುತ್ತಿರುತ್ತಾರೆ, "ಹೊಸ ಸಾಹೇಬರಿಗೆ ಕೆಲಸ ಕಲಿಸೋದು ಕಷ್ಟ ಅಲ್ಲಪ್ಪ, ಕಲಿಸ್ತಾ ಇದ್ದೀವಿ ಅಂತ ಅವರಿಗೆ ಗೊತ್ತಾಗದ ಹಾಗೆ ಕಲಿಸೋದು ಕಷ್ಟ." 1946ರ ಫೆಬ್ರವರಿ 18ರಂದು ಮುಂಬೈನ ತಲ್ವಾರ್ ನೆಲೆಯಲ್ಲಿ ನಾವಿಕರು ತಿರುಗಿಬಿದ್ದರಲ್ಲ, ಅದಕ್ಕೆ ಸ್ವಾತಂತ್ರ್ಯದ ಹಂಬಲ ಎಷ್ಟು ಕಾರಣವೋ, ಕೆಟ್ಟ ಊಟ ಮತ್ತು ಮೇಲಧಿಕಾರಿಯ ಬೈಗುಳವೂ ಅಷ್ಟೇ ಕಾರಣ. ಕೆಲವೇ ದಿನದಲ್ಲಿ ಅದು ಕರಾಚಿಯವರೆಗೂ ಹಬ್ಬಿತು. ನಿಮ್ಮ ಹಡಗಿನಲ್ಲಿ ಯಾರು ಏನು ತಿನ್ನುತ್ತಾರೆ ಅಂತ ಬರೆಯಿರಿ.

ಹಡಗಿನೊಂದಿಗೇ ಹೋಗುವ ಕ್ಯಾಪ್ಟನ್ ದೃಶ್ಯ ಇಡಬೇಕು ಅಂತಿದ್ದೀರಿ. ಇಡಿ, ಆದರೆ ಭಾಷಣ ಬೇಡ. 1971ರ ಡಿಸೆಂಬರ್ 9ರ ರಾತ್ರಿ ದಿಯು ಬಳಿ ಐಎನ್‌ಎಸ್ ಖುಕ್ರಿ ಮುಳುಗಿದಾಗ 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ತಮ್ಮ ಲೈಫ್ ಜಾಕೆಟ್ಟನ್ನೂ ಒಬ್ಬ ನಾವಿಕನಿಗೆ ಕೊಟ್ಟರು ಅಂತ ಹೇಳುತ್ತಾರೆ. ಅಂಥ ಹೊತ್ತಿನಲ್ಲಿ ಕ್ಯಾಪ್ಟನ್‌ಗೆ ಇರುವುದು ಕೆಲಸ: ಯಾರು ಹೊರಗೆ ಹೋದರು, ಯಾರು ಉಳಿದರು, ಯಾವ ಬಾಗಿಲು ತೆರೆಯುತ್ತಿಲ್ಲ. ಅಷ್ಟು ಬರೆದರೆ ಸಾಕು.

ಆಗುವುದಾದರೆ ಕಾರವಾರಕ್ಕೆ ಹೋಗಿಬನ್ನಿ. ಐಎನ್‌ಎಸ್ ಕದಂಬ ನೆಲೆಯೊಳಗೆ ಬಿಡುವುದಿಲ್ಲ, ಆದರೆ ಟ್ಯಾಗೋರ್ ಬೀಚ್‌ನಲ್ಲಿ ಚಪಲ್ ಅನ್ನುವ ಕ್ಷಿಪಣಿ ದೋಣಿಯನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಒಳಗೆ ನಿಂತು, ಎದುರಿನಿಂದ ಒಬ್ಬರು ಬಂದರೆ ಹೇಗೆ ದಾರಿ ಬಿಡುತ್ತೀರಿ ನೋಡಿ. ಬ್ರಿಟಿಷ್ ಅಧಿಕಾರಿಗಳು ಹಡಗಿನಲ್ಲಿ ರಾಜನಿಗೆ ಕೂತೇ ಗ್ಲಾಸ್ ಎತ್ತುತ್ತಿದ್ದದ್ದು ಎದ್ದರೆ ತಲೆ ತೊಲೆಗೆ ಬಡಿಯುತ್ತಿತ್ತು ಅನ್ನುವ ಕಾರಣಕ್ಕಂತೆ.

ಕೊನೆಯ ಪ್ರಶ್ನೆ, ಅಕಾಡೆಮಿಯಿಂದ ಕಥೆ ಶುರು ಮಾಡಬಹುದಾ ಅಂತ. ಬೇಡ. ಪರೇಡ್, ಪರೀಕ್ಷೆ, ಪ್ರಮಾಣವಚನ ಎಲ್ಲರೂ ಬರೆದಾಗಿದೆ. ಸಬ್ ಲೆಫ್ಟಿನೆಂಟ್ ಒಬ್ಬಳು ಟ್ರಂಕ್ ಹಿಡಿದು ಹಡಗು ಹತ್ತುವುದರಿಂದ ಶುರು ಮಾಡಿ. ಅವಳಿಗೆ ಕೊಟ್ಟ ಬಂಕ್‌ನಲ್ಲಿ ಬೇರೆ ಯಾರೋ ಮಲಗಿದ್ದಾರೆ, ಪಾಳಿ ಮುಗಿಸಿ ಈಗಷ್ಟೇ ಬಂದವರು. ಎಬ್ಬಿಸಬೇಕೋ ಬೇಡವೋ, ಅವರ ಹುದ್ದೆ ತನಗಿಂತ ಮೇಲೋ ಕೆಳಗೋ ಅವಳಿಗೆ ಗೊತ್ತಿಲ್ಲ, ಯಾಕೆಂದರೆ ಅಂಗಿ ಕಳಚಿಟ್ಟು ಮಲಗಿದ್ದಾರೆ.