ನದಿ ರೀಲು ಸಮುದ್ರಕ್ಕೆ ಆಗುತ್ತಾ?

ಪ್ರಶ್ನೆ: ಸರ್, ನಮ್ದು ಮಡಿಕೇರಿ ಹತ್ರ. ಚಿಕ್ಕಂದಿನಿಂದ ಕಾವೇರಿಲಿ ಗಾಳ ಹಾಕಿ ಅಭ್ಯಾಸ. ಹೋದ ತಿಂಗಳು ಅದೇ ರಾಡ್ ತಗೊಂಡು ಸಂಪಾಜೆ ಘಾಟಿ ಇಳಿದು ಮಂಗಳೂರು ಕಡೆ ಸಮುದ್ರಕ್ಕೆ ಹೋಗಿದ್ವಿ, ವಾಪಸ್ ಬಂದು ಹತ್ತು ದಿನಕ್ಕೆ ರೀಲಿನ (ರಾಡಿಗೆ ಕಟ್ಟಿರೋ, ಲೈನ್ ಅಂದ್ರೆ ಗಾಳದ ದಾರ ಸುತ್ತೋ ಚಕ್ರ) ಮೇಲೆ ಬಿಳಿ ಪುಡಿ, ಹ್ಯಾಂಡಲ್ ತಿರುಗ್ತಾನೇ ಇಲ್ಲ. ಜೂನಲ್ಲಿ ಬೋಟಲ್ಲಿ ಹೋಗೋ ಆಸೆನೂ ಇದೆ.

ಉತ್ತರ: ಆ ಬಿಳಿ ಪುಡಿ ಉಪ್ಪಿನಿಂದ ಅಲ್ಯೂಮಿನಿಯಂ ತಿಂದುಹೋಗಿರೋ ಗುರುತು. ಪೂರ್ತಿ ಬಿಚ್ಚಿ ಕ್ಲೀನ್ ಮಾಡಿಸಿ ಗ್ರೀಸ್ ಹಾಕಿಸಿ. ಇನ್ಮುಂದೆ ಮನೆ ಮುಟ್ಟೋ ತನಕ ಕಾಯ್ಬೇಡಿ, ಅವತ್ತೇ ಡ್ರ್ಯಾಗ್ (ಮೀನು ಎಳೆದಾಗ ಲೈನ್ ಎಷ್ಟು ಬಿಗಿಯಾಗಿ ಬಿಡಬೇಕು ಅಂತ ಹಿಡಿಯೋ ಬ್ರೇಕ್) ಟೈಟ್ ಮಾಡಿ ಸಿಹಿನೀರು ಮೆಲ್ಲಗೆ ಚಿಮುಕಿಸಿ ತೊಳೀರಿ, ಪೈಪ್ ಜೋರಾಗಿ ಬಿಟ್ರೆ ಉಪ್ಪು ಒಳಗೇ ನುಗ್ಗುತ್ತೆ, ಒರೆಸಿ ಒಣಗಿದ ಮೇಲೆ ಡ್ರ್ಯಾಗ್ ಸಡಿಲ ಬಿಟ್ಟು, ಲೈನ್ ಉರುಳೋ ಪುಟ್ಟ ರೋಲರ್‌ಗೆ ಒಂದೇ ಒಂದು ಹನಿ ಎಣ್ಣೆ.

ಜೂನ್ ಬೇಡ. ನಮ್ಮ ಕರಾವಳೀಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಮೀನುಗಾರಿಕೆಗೆ ನಿಷೇಧ, ಮೀನು ಮರಿ ಮಾಡೋ ಕಾಲ ಅದು, ಕಡಲೂ ಕೆರಳಿರುತ್ತೆ. ಮಳೆ ಮುಗಿದ ಮೇಲೆ ಹೋಗಿ, ಈಜು ಬಂದ್ರೂ ಲೈಫ್ ಜಾಕೆಟ್ ಹಾಕ್ಲೇಬೇಕು.

ನನ್ನ ಕೇಳಿದ್ರೆ ಮೊದ್ಲು ನದಿ ಸಮುದ್ರ ಸೇರೋ ಅಳಿವೆ ಹತ್ರ ದಡದಿಂದಲೇ ಶುರು ಮಾಡಿ. ನೀರು ಏರೋ ಹೊತ್ತಲ್ಲಿ ಸಣ್ಣ ಮೀನಿನ ಹಿಂದೆ ದೊಡ್ಡದೂ ಒಳಗೆ ಬರುತ್ತೆ, ಗಾಳಕ್ಕೆ ಸಿಗಡಿ ಸಾಕು. ಬಂಡೆ ಮೇಲೆ ನಿಲ್ಲೋ ಮುಂಚೆ ಕಾಲು ಗಂಟೆ ಸುಮ್ನೆ ಅಲೆ ನೋಡಿ, ಒದ್ದೆ ಬಂಡೆ ಅಂದ್ರೆ ಅಲ್ಲಿಗೆ ಅಲೆ ಬರುತ್ತೆ ಅಂತಾನೇ ಅರ್ಥ. ತೊರಕೆ (ಉದ್ದ ಬಾಲದ ಚಪ್ಪಟೆ ಮೀನು) ಗಾಳಕ್ಕೆ ಬಿದ್ರೆ ಕೈ ಹಾಕ್ಬೇಡಿ, ಬಾಲದಲ್ಲಿ ವಿಷದ ಮುಳ್ಳಿದೆ, ಲೈನ್ ಕತ್ತರಿಸಿ ಬಿಟ್ಬಿಡಿ. ಚುಚ್ಚಿದ್ರೆ ತಡ್ಕೊಳ್ಳೋಷ್ಟು ಬಿಸಿನೀರಲ್ಲಿ ಗಾಯ ಮುಳುಗಿಸಿ, ನೋವು ಇಳಿಯುತ್ತೆ, ಆಮೇಲೆ ಡಾಕ್ಟರ್ ಹತ್ರ ಹೋಗಿ.